ಬೆಂಗಳೂರಿನಲ್ಲಿ ಹುಟ್ಟಿದ ಪರದೇಶಿ: ಲೂಯಿಸ್ ರೈಸ್ ಮಹಾಶಯರ ಜೀವಿತ

ಪರದೇಶಿ ಎಂಬ ಶಬ್ದಕ್ಕೆ ನಮ್ಮ ಜನರ ಮಾತಿನಲ್ಲಿ ಎರಡು ಅರ್ಥಗಳುಂಟು. ಅನ್ಯದೇಶದಿಂದ ಬಂದವನು ಎಂಬುದು ಒಂದು. ದಿಕ್ಕುದೆಸೆಯಿಲ್ಲದವನು ಎಂಬುದು ಮತ್ತೊಂದು. ಒಂದೇ ಮಾತಿಗೆ ಈ ಎರಡು ಅರ್ಥಗಳು ಹೇಗೆ ಅಂಟಿಕೊಂಡವೆಂಬುದನ್ನು ಸಮುದ್ರದಾಚೆ ನೆಲೆಸಿದವರಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಇಂದು ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಅನೇಕ ಮನೆಗಳಲ್ಲಿ ವೃದ್ಧ ತಂದೆತಾಯಿಗಳು ಇಲ್ಲಿ, ಮಕ್ಕಳು ಅಮೆರಿಕದಲ್ಲಿಯೋ ಇಂಗ್ಲೆಂಡಿನಲ್ಲಿಯೋ ಇರುವರು. ಅಲ್ಲಿ ಸಂಪಾದನೆಯುಂಟು, ಅಚ್ಚುಕಟ್ಟಾದ ಬಾಳುಂಟು, ಕೆಲಸಕ್ಕೆ ತಕ್ಕ ಮನ್ನಣೆಯುಂಟು. ಆದರೂ ಹಬ್ಬದ ದಿನ ಮನಸ್ಸು ಇಲ್ಲಿಗೇ ಹಾರುವುದು. ಇಲ್ಲಿಗೆ ಬಂದರೆ ಹತ್ತೇ ದಿನಗಳಲ್ಲಿ ಅಲ್ಲಿಯ ನೆನಪು ಕಾಡುವುದು. ಎರಡು ದಡಗಳನ್ನೂ ಬಲ್ಲವನಿಗೆ ಯಾವ ದಡವೂ ಪೂರ್ಣವಾಗಿ ತನ್ನದಾಗದೆಂಬ ಈ ಕಷ್ಟವು ಹೊಸದಲ್ಲ. ಇದರ ವಿಲೋಮವಾದ ಒಂದು ಉದಾಹರಣೆಯು ನಮ್ಮ ಊರಿನಲ್ಲಿಯೇ ಇದೆ. ಬೆಂಗಳೂರಿನಲ್ಲಿ ಹುಟ್ಟಿಯೂ ಇಲ್ಲಿ ಪರದೇಶೀಯನೆನಿಸಿಕೊಂಡು, ಜೀವಮಾನದ ಬಹುಭಾಗವನ್ನು ಇಲ್ಲಿಯೇ ಕಳೆದು, ಕಡೆಗೆ ತನ್ನ ದೇಶವೆಂಬ ದೇಶಕ್ಕೆ ಹೋಗಿ, ಅಲ್ಲಿಯೂ ಈ ನಾಡಿನ ಕಲ್ಲುಗಳ ಚಿಂತೆಯನ್ನು ಬಿಡದಿದ್ದ ಬೆಂಜಮಿನ್ ಲೂಯಿಸ್ ರೈಸ್ ಮಹಾಶಯರ ಚರಿತ್ರೆಯನ್ನು ವಾಚಕರ ಮುಂದೆ ಇಡಲು ಬಯಸುತ್ತೇವೆ.

ರೈಸರು ಹುಟ್ಟಿದುದು ೧೮೩೭ನೆಯ ಇಸವಿ ಜುಲೈ ೧೭ರಂದು, ಈ ಬೆಂಗಳೂರಿನಲ್ಲಿ. ಆಗ ಮೈಸೂರು ಸಂಸ್ಥಾನದ ಆಡಳಿತವು ಅರಸರ ಕೈತಪ್ಪಿ ಆರು ವರ್ಷಗಳಾಗಿದ್ದಿತು. ೧೮೩೧ರಿಂದ ಇಂಗ್ಲಿಷ್ ಕಮಿಷನರುಗಳೇ ರಾಜ್ಯವನ್ನಾಳುತ್ತಿದ್ದರು. ಅವರ ಕಛೇರಿಗಳೆಲ್ಲ ಬೆಂಗಳೂರಿನಲ್ಲಿದ್ದುವು. ತಂದೆ ಪಾದ್ರಿ ಬೆಂಜಮಿನ್ ರೈಸರು ಲಂಡನ್ ಮಿಷನ್ನಿನವರು. ಕನ್ನಡವನ್ನು ಕಲಿತು, ಕನ್ನಡದಲ್ಲಿಯೇ ಬೋಧಿಸಿ, ಐವತ್ತು ವರ್ಷಗಳ ಕಾಲ ಈ ಊರಿನಲ್ಲಿದ್ದು ೧೮೮೭ರಲ್ಲಿ ಇಲ್ಲಿಯೇ ಮೃತರಾದರು. ಅವೆನ್ಯೂ ರಸ್ತೆಯ ಅಂಗಡಿಗಳ ನಡುವೆ ಇರುವ ರೈಸ್ ಸ್ಮಾರಕ ಚರ್ಚು ಈ ತಂದೆಯ ಹೆಸರಿನದು, ಮಗನದಲ್ಲ. ಲೂಯಿಸರ ತಮ್ಮಂದಿರಲ್ಲೊಬ್ಬರಾದ ಇ. ಪಿ. ರೈಸರು ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರೆಂಬುದನ್ನು ಸಾಹಿತ್ಯಾಭ್ಯಾಸಿಗಳು ಬಲ್ಲರು. ಮತಪ್ರಚಾರದ ಉದ್ದೇಶದಿಂದ ಮನೆಯೊಳಕ್ಕೆ ಬಂದ ಕನ್ನಡವು ಆ ಮನೆಯ ಮಕ್ಕಳಲ್ಲಿ ವಿದ್ಯೆಯಾಗಿ ನಿಂತುದು ಗಮನಿಸತಕ್ಕ ಸಂಗತಿ.

ಆ ಕಾಲದ ಬಿಳಿಯ ಸಂಸಾರಗಳಲ್ಲಿ ಮಕ್ಕಳನ್ನು ಎಳೆಯ ವಯಸ್ಸಿನಲ್ಲಿಯೇ ವಿದ್ಯಾಭ್ಯಾಸಕ್ಕಾಗಿ ಸ್ವದೇಶಕ್ಕೆ ಕಳುಹಿಸುವ ವಾಡಿಕೆಯಿದ್ದಿತು. ಸೂಯೆಜ್ ಕಾಲುವೆಯು ತೆರೆದುದು ೧೮೬೯ರಲ್ಲಿ; ಅದಕ್ಕೆ ಮುಂಚೆ ಆಫ್ರಿಕಾ ಖಂಡವನ್ನು ಸುತ್ತಿ ಹೋಗುವ ಹಡಗಿನ ಪಯಣವು ತಿಂಗಳುಗಟ್ಟಲೆಯದು. ಹೋದ ಮಗುವು ತಂದೆತಾಯಿಗಳ ಮುಖವನ್ನು ಮತ್ತೆ ಕಾಣುವ ಹೊತ್ತಿಗೆ ಅನೇಕ ವರ್ಷಗಳು ಕಳೆದಿರುತ್ತಿದ್ದುವು. ಇಲ್ಲಿಯ ದೊರೆಗಳ ಬಂಗಲೆ, ಕುದುರೆ, ಆಳುಕಾಳು, ಹೂದೋಟ, ಹಿತವಾದ ಹವೆ, ಇವು ನಮ್ಮವರ ಕಣ್ಣಿಗೆ ಬೀಳುತ್ತಿದ್ದುವು. ಅವುಗಳ ಹಿಂದೆ ಇದ್ದ ಈ ಅಗಲಿಕೆಯಾಗಲಿ, ಕಂಟೋನ್ಮೆಂಟಿನ ಸ್ಮಶಾನಗಳಲ್ಲಿನ ಎಳೆಯ ಮಕ್ಕಳ ಗೋರಿಗಳಾಗಲಿ ಕಾಣುತ್ತಿರಲಿಲ್ಲ. ಪರದೇಶವಾಸದ ಸುಖವು ಬೀದಿಗೆ ತೋರುವುದು. ಅದರ ದುಃಖವು ಮನೆಯೊಳಗೆ ಉಳಿಯುವುದು. ಈ ಮಾತು ಅಂದಿನ ಇಂಗ್ಲಿಷರಿಗೆ ಹೇಗೋ ಇಂದಿನ ನಮ್ಮ ಹುಡುಗರಿಗೂ ಹಾಗೆಯೇ ಸಲ್ಲುವುದು.

ರೈಸರ ವಿದ್ಯಾಭ್ಯಾಸವೂ ಇಂಗ್ಲೆಂಡಿನಲ್ಲಿಯೇ ಆಯಿತು. ೧೮೬೦ರಲ್ಲಿ, ಇಪ್ಪತ್ತಮೂರರ ಪ್ರಾಯದಲ್ಲಿ, ಅವರು ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ಹುಟ್ಟಿದೂರಿಗೆ ಹಿಂದಿರುಗಿದರು. ಈ ಶಾಲೆಯೇ ೧೮೭೫ರಲ್ಲಿ ಸೆಂಟ್ರಲ್ ಕಾಲೇಜಾಗಿ ಬೆಳೆದುದು. ಬೆಂಗಳೂರಿಗೆ ಆಗ ರೈಲು ಇನ್ನೂ ಬಂದಿರಲಿಲ್ಲ. ಅದು ಬಂದುದು ೧೮೬೪ರಲ್ಲಿ. ಮುಂದೆ ರೈಸರು ಶಾಲಾ ಇನ್ಸ್‌ಪೆಕ್ಟರರಾದರು. ಜಾನ್ ಗ್ಯಾರೆಟ್ಟರ ಅನಂತರ ಮೈಸೂರು ಮತ್ತು ಕೊಡಗುಗಳ ವಿದ್ಯಾ ಇಲಾಖೆಯ ಡೈರೆಕ್ಟರ್ ಪದವಿಯು ಇವರಿಗೆ ಬಂದಿತು. ಹೋಬಳಿಗೊಂದು ಪಾಠಶಾಲೆ ಇರಬೇಕೆಂಬ ಯೋಜನೆಯನ್ನು ೧೮೬೮ರಲ್ಲಿ ಸರ್ಕಾರದ ಮುಂದಿಟ್ಟವರು ಇವರೇ. ಅದುವರೆಗೆ ಸರ್ಕಾರದ ಶಾಲೆಯೆಂಬುದು ಪಟ್ಟಣಗಳ ವಸ್ತುವಾಗಿದ್ದಿತು. ರೈತನ ಮಗನು ತನ್ನ ಹೋಬಳಿಯಲ್ಲಿಯೇ ಕನ್ನಡ ಓದುಬರಹ ಲೆಕ್ಕಗಳನ್ನು ಕಲಿಯುವ ಮಾರ್ಗವನ್ನು ಈ ಯೋಜನೆಯು ತೆರೆಯಿತು. ರೈಸರ ಹೆಸರು ಶಾಸನಗಳೊಡನೆ ಮಾತ್ರ ಸೇರಿಕೊಂಡಿರುವುದರಿಂದ ಈ ಉಪಕಾರವನ್ನು ನಾವು ಮರೆತಿದ್ದೇವೆ.

ಶಾಲೆಗಳ ತನಿಖೆಗೆಂದು ಕುದುರೆಯೇರಿ ಊರೂರು ಸುತ್ತುವ ಅಧಿಕಾರಿಗೆ ಆ ಊರುಗಳಲ್ಲಿ ಶಾಲೆಗಿಂತ ಮೊದಲು ಕಾಣುತ್ತಿದ್ದುದು ಕಲ್ಲು. ದೇವಸ್ಥಾನದ ಅಂಗಳದಲ್ಲಿ, ಕೆರೆಯ ಏರಿಯ ಮೇಲೆ, ತೂಬಿನ ಬಳಿ, ಊರಬಾಗಿಲಿನಲ್ಲಿ ಅಕ್ಷರ ಕೆತ್ತಿದ ಕಲ್ಲುಗಳು ನಿಂತಿದ್ದುವು. ಅವುಗಳ ಮೇಲೆ ಎಮ್ಮೆಗಳು ಮೈ ಉಜ್ಜುತ್ತಿದ್ದುವು. ಅಗಸರು ಬಟ್ಟೆ ಒಗೆಯುತ್ತಿದ್ದರು. ಏನು ಬರೆದಿದೆಯೆಂದು ಕೇಳಿದರೆ ಓದಬಲ್ಲವರಿಲ್ಲ. ಹಳಗನ್ನಡದ ಲಿಪಿಯು ಊರಿನ ಶ್ಯಾನುಭೋಗರಿಗೂ ಅಪರಿಚಿತವಾಗಿ ಹೋಗಿದ್ದಿತು. ಆ ಕಲ್ಲಿನ ಪಕ್ಕದಲ್ಲಿ ಹುಟ್ಟಿ ಬೆಳೆದವರು ಅದನ್ನು ಲಕ್ಷಿಸಲಿಲ್ಲ. ಹೊರಗಿನಿಂದ ಬಂದವನ ಕಣ್ಣಿಗೆ ಅದು ಬಿದ್ದಿತು. ಇದು ಪರದೇಶವಾಸದಿಂದ ದೊರೆಯುವ ದೊಡ್ಡ ಲಾಭ. ಅಭ್ಯಾಸದಿಂದ ಮಂಕಾಗದ ಕಣ್ಣು ಅವನಿಗಿರುವುದು. ಆದರೆ ಕಂಡ ಮಾತ್ರಕ್ಕೆ ಯಾವ ಪ್ರಯೋಜನವೂ ಇಲ್ಲ. ಬೇಟೆಗೂ ವಿನೋದಕ್ಕೂ ಇದೇ ಹಾದಿಗಳಲ್ಲಿ ಸಂಚರಿಸಿದ ನೂರಾರು ದೊರೆಗಳೂ ಈ ಕಲ್ಲುಗಳನ್ನು ಕಂಡಿದ್ದರು. ನಿಂತು ಓದಲೆಳಸಿದವರು ಅತಿ ವಿರಳ.

ಚೀಫ್ ಕಮಿಷನರ್ ಬೌರಿಂಗರ ಕಾಲದಲ್ಲಿ, ೧೮೬೫ರ ಸುಮಾರಿಗೆ, ಮೇಜರ್ ಡಿಕ್ಸನ್ ಎಂಬ ಸೈನ್ಯಾಧಿಕಾರಿಯು ಚಿತ್ರದುರ್ಗದ ಕಡೆಯ ಶಾಸನಗಳ ಛಾಯಾಚಿತ್ರಗಳನ್ನು ತೆಗೆದಿದ್ದನು. ಅವುಗಳನ್ನು ಓದಿ ಅರ್ಥ ಮಾಡುವ ಕಾರ್ಯವು ರೈಸರಿಗೆ ಬಂದಿತು. ಇಲಾಖೆಯ ಕೆಲಸದ ಬಿಡುವಿನಲ್ಲಿ, ಪಂಡಿತರನ್ನು ಜೊತೆಗಿಟ್ಟುಕೊಂಡು, ಅವರು ಇದನ್ನು ಸಾಗಿಸಿದರು. ಫಲವು ೧೮೭೯ರಲ್ಲಿ ಮೈಸೂರು ಶಾಸನಗಳ ಮೊದಲ ಗ್ರಂಥವಾಗಿ ಹೊರಬಿದ್ದಿತು. ಇದಕ್ಕೂ ಮುಂಚೆ, ೧೮೭೭ರ ವೇಳೆಗೆ, ಮೈಸೂರು ಗ್ಯಾಸೆಟಿಯರ್ ಗ್ರಂಥದ ಸಂಪುಟಗಳು ಅವರ ಕೈಯಿಂದ ಬಂದಿದ್ದುವು. ೧೮೯೭ರಲ್ಲಿ ಅದನ್ನು ತಿದ್ದಿ ವಿಸ್ತರಿಸಿ ಮತ್ತೆ ಪ್ರಕಟಿಸಿದರು. ಹೊಳೆ, ಕೆರೆ, ಬೆಳೆ, ಜಾತಿ, ಕಂದಾಯ, ರಾಜವಂಶ ಮುಂತಾದ ಎಲ್ಲ ವಿಷಯಗಳೂ ಒಂದೆಡೆ ಸೇರಿದ ಆ ಗ್ರಂಥವಿಲ್ಲದೆ ಸಂಸ್ಥಾನದ ಯಾವ ಕಛೇರಿಯೂ ಬಹುಕಾಲ ನಡೆಯಲಿಲ್ಲ.

೧೮೮೧ರಲ್ಲಿ ರಾಜ್ಯವು ಚಾಮರಾಜೇಂದ್ರ ಒಡೆಯರ ವಶಕ್ಕೆ ಮರಳಿತು. ಅಂದಿನವರೆಗೆ ಆಳುವ ಜನಾಂಗದ ಅಧಿಕಾರಿಯಾಗಿದ್ದ ರೈಸರು ಅಂದಿನಿಂದ ಈ ನಾಡಿನ ಅರಸರ ನೌಕರರಾದರು. ಅನೇಕ ಇಂಗ್ಲಿಷರಿಗೆ ಇಂತಹ ಮಾರ್ಪಾಟು ಹಿತವಾಗುತ್ತಿರಲಿಲ್ಲ. ಆದರೆ ರೈಸರ ಮುಖ್ಯವಾದ ಕಾರ್ಯವೆಲ್ಲ ನಡೆದುದು ಇದಾದ ಮೇಲೆಯೇ. ೧೮೮೫ರಲ್ಲಿ ಪ್ರಾಚ್ಯಶೋಧನದ ಆಡಳಿತವು ಅವರಿಗೆ ಒಪ್ಪಿಸಲ್ಪಟ್ಟಿತು. ೧೮೯೦ರಿಂದ ಅವರು ಅದೊಂದಕ್ಕೇ ಮೀಸಲಾದರು. ದಿವಾನ್ ಶೇಷಾದ್ರಿ ಅಯ್ಯರವರ ಕಾಲವದು. ಸಂಸ್ಥಾನದ ಹಣವು ರೈಲಿಗೂ ಚಿನ್ನದ ಗಣಿಗೂ ಕಾವೇರಿಯ ವಿದ್ಯುತ್ತಿಗೂ ಸಲ್ಲುತ್ತಿದ್ದಾಗ ಕಲ್ಲುಗಳನ್ನು ಓದುವುದಕ್ಕೂ ಸಂದಿತೆಂಬುದು ಮೈಸೂರು ಅರಸರಿಗೆ ಭೂಷಣವಾದ ವಿಷಯ.

ಈ ಕೆಲಸದ ರೀತಿಯನ್ನು ವಾಚಕರು ಸ್ವಲ್ಪ ತಿಳಿಯಬೇಕು. ಕಲ್ಲನ್ನು ಮೊದಲು ನೀರಿನಿಂದ ತೊಳೆದು, ಅಕ್ಷರಗಳ ಸಂದಿಯಲ್ಲಿನ ಸುಣ್ಣ, ಎಣ್ಣೆ, ಹಾವಸೆಗಳನ್ನು ತೆಗೆಯಬೇಕು. ತೋಯಿಸಿದ ಕಾಗದವನ್ನು ಅದರ ಮೇಲೆ ಹರಡಿ, ಗಟ್ಟಿ ಕುಂಚದಿಂದ ತಟ್ಟಿ, ಅಕ್ಷರದ ಹಳ್ಳಗಳಿಗೆ ಕಾಗದವು ಇಳಿಯುವಂತೆ ಮಾಡಬೇಕು. ಮೇಲೆ ಮಸಿಯುಂಡೆಯಿಂದ ಮೆಲ್ಲಗೆ ಒತ್ತಿದರೆ ಕಪ್ಪು ನೆಲದ ಮೇಲೆ ಬಿಳಿಯ ಅಕ್ಷರಗಳು ಮೂಡುವುವು. ಬಿಸಿಲಿಗೆ ಕಾಗದವು ಬೇಗ ಒಣಗುವುದು, ಗಾಳಿಗೆ ಹರಿಯುವುದು, ಮಳೆಗೆ ಕೆಲಸವೇ ನಿಲ್ಲುವುದು. ನೆಲದಲ್ಲಿ ಹೂತ ಕಲ್ಲನ್ನು ಅಗೆದೆತ್ತಬೇಕು. ಶಾಸನವೆಂದರೆ ನಿಕ್ಷೇಪದ ಗುಟ್ಟು ಎಂಬ ನಂಬಿಕೆಯು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಅಳಿದಿಲ್ಲ. ಮನೆಯ ಪೆಟ್ಟಿಗೆಯಲ್ಲಿನ ತಾಮ್ರಪಟವನ್ನು ಹೊರಗೆ ಕೊಟ್ಟರೆ ಇನಾಮು ಕೈಬಿಡುವುದೆಂಬ ಭಯವು ಬೇರೆ. ಇವೆಲ್ಲವನ್ನೂ ದಾಟಿ, ಕೊಡಗಿನ ಸಂಪುಟವು ಹೊರಬಿದ್ದ ೧೮೮೬ರಿಂದ ಬೆಂಗಳೂರು ಜಿಲ್ಲೆಯ ಸಂಪುಟವು ಹೊರಬಿದ್ದ ೧೯೦೫ರವರೆಗೆ, ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಹನ್ನೆರಡು ಸಂಪುಟಗಳಲ್ಲಿ ಒಂಬತ್ತು ಸಾವಿರಕ್ಕೆ ಸಮೀಪವಾದ ಶಾಸನಗಳು ಅಚ್ಚಾದುವು. ಮೂಲವು ಕನ್ನಡ ಲಿಪಿಯಲ್ಲಿ, ಅದೇ ರೋಮನ್ ಲಿಪಿಯಲ್ಲಿ, ಜೊತೆಗೆ ಇಂಗ್ಲಿಷ್ ಭಾಷಾಂತರ. ಒಂದು ಸಂಸ್ಥಾನದ ಶಾಸನಗಳೆಲ್ಲವನ್ನೂ ಜಿಲ್ಲೆ ತಾಲ್ಲೂಕುಗಳ ಕ್ರಮದಲ್ಲಿ ಹೀಗೆ ಸಂಗ್ರಹಿಸಿದುದು ಭಾರತದ ಬೇರೆ ಪ್ರಾಂತಗಳಿಗೆ ಮೇಲ್ಪಂಕ್ತಿಯಾಯಿತು.

೧೮೯೨ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳನ್ನು ರೈಸರು ಬೆಳಕಿಗೆ ತಂದರು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಮೌರ್ಯರ ಆಜ್ಞೆಯು ನಮ್ಮ ನೆಲದಲ್ಲಿ ನಡೆಯುತ್ತಿದ್ದಿತೆಂಬುದು ಅಂದಿಗೆ ಸಿದ್ಧವಾಯಿತು. ಗಂಗರು ಎಂಬ ವಂಶವೊಂದು ತಲಕಾಡಿನಿಂದ ಶತಮಾನಗಳ ಕಾಲ ಆಳಿದುದನ್ನೂ, ಹೊಯ್ಸಳರ ವಂಶಾನುಕ್ರಮವನ್ನೂ ನಾವು ಇಂದು ಶಾಲೆಯ ಪುಸ್ತಕದಲ್ಲಿ ಸಲೀಸಾಗಿ ಓದುತ್ತೇವೆ. ಆ ಪುಸ್ತಕದ ಹಿಂದೆ ಈ ಸಂಪುಟಗಳಿವೆ. ಹಳಗನ್ನಡ ಗ್ರಂಥಗಳ ಪ್ರಕಟನೆಯೂ ಇವರ ಕೈಯಲ್ಲಿಯೇ ನಡೆಯಿತು. ೧೮೮೪ರಲ್ಲಿ ನಾಗವರ್ಮನ ಕರ್ಣಾಟಕ ಭಾಷಾಭೂಷಣ, ೧೮೯೦ರಲ್ಲಿ ಭಟ್ಟಾಕಳಂಕನ ಶಬ್ದಾನುಶಾಸನ, ೧೮೯೮ರಲ್ಲಿ ಪಂಪಭಾರತ ಅಚ್ಚಾದುವು. ಅದೇ ವರ್ಷ, ಅದೇ ಗ್ರಂಥಮಾಲೆಯಲ್ಲಿ, ಕೆ. ಬಿ. ಪಾಠಕರು ಸಂಪಾದಿಸಿದ ಕವಿರಾಜಮಾರ್ಗವೂ ಹೊರಬಂದಿತು. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡು ಹಬ್ಬಿದ್ದಿತೆಂಬ ಸಾವಿರ ವರ್ಷಗಳ ಹಿಂದಿನ ಸಾಕ್ಷಿಯು, ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡಿಗರ ಕೈಗೆ ಹೀಗೆ ಅಚ್ಚಿನಲ್ಲಿ ದೊರೆಯಿತು. ೧೯೫೬ರಲ್ಲಿ ಕೈಗೂಡಿದ ಏಕೀಕರಣಕ್ಕಾಗಿ ದುಡಿದವರು ಈ ಗ್ರಂಥದಿಂದ ಎಷ್ಟು ಬಲವನ್ನು ಪಡೆದರೆಂಬುದು ಸರ್ವವಿದಿತ. ಚಾಮರಾಜಪೇಟೆಯು ನಿರ್ಮಾಣವಾದುದೂ, ೧೮೯೮ರ ಪ್ಲೇಗಿನ ಹಾವಳಿಯ ಹಿಂದೆಯೇ ಬಸವನಗುಡಿ ಮಲ್ಲೇಶ್ವರಗಳು ಬೆಳೆದುದೂ ಇದೇ ದಶಕದಲ್ಲಿಯೇ. ಊರು ಮುಂದಕ್ಕೆ ಹಬ್ಬುತ್ತಿದ್ದಾಗ ರೈಸರು ಅದರ ಹಿಂದಣ ಕಾಲವನ್ನು ಹುಡುಕುತ್ತಿದ್ದರು.

ಹೊಗಳಿಕೆಯಲ್ಲಿಯೇ ಮುಗಿಸಿದರೆ ಚರಿತ್ರೆಯಾಗುವುದಿಲ್ಲ. ರೈಸರ ಕೆಲಸದಲ್ಲಿ ಆತುರವಿದ್ದಿತು. ಶ್ರವಣಬೆಳಗೊಳದ ಸಂಪುಟವನ್ನು ೧೮೮೯ರಲ್ಲಿ ಅವರು ಪ್ರಕಟಿಸಿದಾಗ ಅದರಲ್ಲಿ ೧೪೪ ಶಾಸನಗಳಿದ್ದುವು, ೧೯೨೩ರಲ್ಲಿ ಆರ್. ನರಸಿಂಹಾಚಾರ್ಯರು ಅದನ್ನು ಪರಿಷ್ಕರಿಸಿದಾಗ ಸಂಖ್ಯೆಯು ೫೦೦ಕ್ಕೆ ಏರಿತು. ಪಾಠಗಳಲ್ಲಿ ತಪ್ಪುಗಳು ಉಳಿದುವು. ಗಂಗರ ತಾಮ್ರಶಾಸನಗಳ ವಿಷಯದಲ್ಲಿ ಮುಂಬಯಿ ಪ್ರಾಂತದ ಅಧಿಕಾರಿಯೂ ಮಹಾವಿದ್ವಾಂಸನೂ ಆದ ಫ್ಲೀಟ್ ಸಾಹೇಬರು ಇವರನ್ನು ಬಲವಾಗಿ ಖಂಡಿಸಿದರು. ಅವುಗಳಲ್ಲಿ ಬಹಳವು ಕೂಟಶಾಸನಗಳೆಂದು ಫ್ಲೀಟರ ಪಕ್ಷ. ಗಂಗರ ಪ್ರಾಚೀನತೆಗೆ ಅವು ಆಧಾರವೆಂದು ರೈಸರ ಪಕ್ಷ. ಚಂದ್ರಗುಪ್ತ ಮೌರ್ಯನು ಭದ್ರಬಾಹುವಿನೊಡನೆ ಶ್ರವಣಬೆಳಗೊಳಕ್ಕೆ ಬಂದನೆಂಬ ಜೈನರ ಐತಿಹ್ಯದ ವಿಷಯದಲ್ಲಿಯೂ ಇವರಿಬ್ಬರು ಎದುರುಬದುರಾದರು. ಕೆಲವು ತಾಮ್ರಪಟಗಳು ನಿಜವಾಗಿಯೂ ಕೃತ್ರಿಮವೆಂದು ಮುಂದಿನವರು ಒಪ್ಪಿದರು. ಗಂಗರು ಪ್ರಾಚೀನರೆಂಬುದನ್ನೂ ಒಪ್ಪಿದರು. ಜೀವಮಾನದ ದುಡಿಮೆಯ ಅಡಿಪಾಯವನ್ನೇ ತನ್ನ ದೇಶದವನೊಬ್ಬನು ವಿದ್ವಾಂಸರ ಸಭೆಯಲ್ಲಿ ಸುಳ್ಳೆನ್ನುವುದನ್ನು ವರ್ಷಗಟ್ಟಲೆ ಸಹಿಸುವುದು ಸಾಮಾನ್ಯ ಕ್ಲೇಶವಲ್ಲ.

ಇನ್ನೊಂದು ಮಾತನ್ನು ಮರೆಯುವಂತಿಲ್ಲ. ರೈಸರ ಹಿಂದೆ ನಮ್ಮ ಪಂಡಿತರಿದ್ದರು. ಬಿಸಿಲಿನಲ್ಲಿ ಕಲ್ಲಿನ ಮುಂದೆ ಕುಳಿತು ಅಚ್ಚು ತೆಗೆದವರು, ಮಸುಕಾದ ಅಕ್ಷರವನ್ನು ಛಂದಸ್ಸಿನ ಬಲದಿಂದ ಊಹಿಸಿದವರು, ಸಂಸ್ಕೃತ ಕನ್ನಡ ತಮಿಳುಗಳಲ್ಲಿ ಬೆಳೆದವರು ಅವರು. ಇಂತಹವರಿಲ್ಲದೆ ಹನ್ನೆರಡು ಸಂಪುಟಗಳು ಹುಟ್ಟುವಂತಿರಲಿಲ್ಲ. ಪುಸ್ತಕದ ಮುಖಪತ್ರದ ಮೇಲೆ ಒಂದೇ ಹೆಸರು ನಿಂತಿತು. ಆದರೆ ಪಂಡಿತರು ಮೊದಲಿನಿಂದಲೂ ಇದ್ದರು, ಕಲ್ಲುಗಳೂ ಇದ್ದುವು. ಎರಡನ್ನೂ ಕೂಡಿಸುವ ಉದ್ಯೋಗವನ್ನು ನಾವು ಕೈಕೊಳ್ಳಲಿಲ್ಲವೆಂಬುದೂ ಅಷ್ಟೇ ಸತ್ಯ. ರೈಸರ ಕೈಕೆಳಗೆ ಪಳಗಿದ ನರಸಿಂಹಾಚಾರ್ಯರು ಅವರ ತರುವಾಯ ಇಲಾಖೆಯ ಮುಖ್ಯಸ್ಥರಾಗಿ, ಗುರುವಿನ ತಪ್ಪನ್ನು ತಿದ್ದುವಷ್ಟು ಬೆಳೆದರು. ಅನ್ಯದೇಶೀಯನಿಂದ ವಿದ್ಯೆಯನ್ನು ಪಡೆಯುವ ಯೋಗ್ಯವಾದ ರೀತಿಯು ಇದೇ.

೧೯೦೬ರಲ್ಲಿ, ನಲವತ್ತಾರು ವರ್ಷಗಳ ಸೇವೆಯ ಅನಂತರ, ಅರುವತ್ತೊಂಬತ್ತರ ಪ್ರಾಯದಲ್ಲಿ ರೈಸರು ವಿಶ್ರಾಂತಿ ಹೊಂದಿ ಇಂಗ್ಲೆಂಡಿಗೆ ತೆರಳಿದರು. ಲಂಡನ್ನಿನ ಸಮೀಪದ ಹ್ಯಾರೋ ಎಂಬಲ್ಲಿ ನೆಲೆಸಿದರು. ಊರಿಗೆ ಮರಳಿದರೆಂದು ಅವರ ದೇಶದವರು ಹೇಳಿರಬಹುದು. ಆದರೆ ಹುಟ್ಟಿದೂರು, ತಂದೆಯು ಮಣ್ಣಾದ ಊರು, ದುಡಿದ ಊರು ಎಲ್ಲವೂ ಬೆಂಗಳೂರಾಗಿರಲು ಅವರು ಮರಳಿದುದು ಎಲ್ಲಿಗೆ? ಅವರು ಅಲ್ಲಿ ಮಾಡಿದ ಕೆಲಸವನ್ನು ನೋಡಿದರೆ ಉತ್ತರವು ತಾನಾಗಿ ಹೊಳೆಯುವುದು. ೧೯೦೯ರಲ್ಲಿ ಶಾಸನಗಳ ಆಧಾರದಿಂದ ಮೈಸೂರು ಕೊಡಗುಗಳ ಚರಿತ್ರೆಯನ್ನು ಬರೆದು ಲಂಡನ್ನಿನಲ್ಲಿ ಪ್ರಕಟಿಸಿದರು. ೧೯೧೪ರಲ್ಲಿ, ಎಪ್ಪತ್ತೇಳರ ಅಂಚಿನಲ್ಲಿ, ಕೊಡಗಿನ ಶಾಸನಗಳ ಸಂಪುಟವನ್ನು ಪರಿಷ್ಕರಿಸಿ ಮತ್ತೆ ಹೊರತಂದರು. ಮಂಜಿನ ಆ ನಾಡಿನಲ್ಲಿ ಕುಳಿತು ಕೊಂಗಾಳ್ವರ ಚೆಂಗಾಳ್ವರ ಕಲ್ಲುಗಳನ್ನು ಓದುತ್ತಿದ್ದ ವೃದ್ಧನೊಡನೆ ಆ ವಿಷಯವನ್ನು ಮಾತನಾಡಬಲ್ಲ ನೆರೆಹೊರೆಯವರು ಎಷ್ಟು ಮಂದಿ ಇದ್ದಾರು? ೧೯೨೭ರ ಜುಲೈ ೧೦ರಂದು, ತೊಂಬತ್ತು ವರ್ಷಗಳು ತುಂಬಲು ಏಳೇ ದಿನಗಳಿರುವಾಗ, ಹ್ಯಾರೋದಲ್ಲಿಯೇ ಅವರು ದೇಹವನ್ನು ಬಿಟ್ಟರು.

ಹೀಗೆ ನಮ್ಮ ನಾಡಿಗೆ ಬಂದು ಕೆಲಸ ಮಾಡಿದವರ ಗತಿಗಳು ಬೇರೆಬೇರೆ. ನಿಘಂಟುಕಾರ ಕಿಟ್ಟೆಲರು ೧೮೯೪ರಲ್ಲಿ ತಮ್ಮ ಕೋಶವನ್ನು ಕನ್ನಡಿಗರ ಕೈಗಿಟ್ಟು, ೧೯೦೩ರಲ್ಲಿ ಜರ್ಮನಿಯ ಟ್ಯೂಬಿಂಗೆನ್ನಿನಲ್ಲಿ ಮೃತರಾದರು. ಬಸವನಗುಡಿಯವರು ದಿನವೂ ಅಡ್ಡಾಡುವ ಲಾಲ್‌ಬಾಗನ್ನು ಬೆಳೆಸಿದ ಕ್ರುಂಬಿಗಲ್ ಮಹಾಶಯರು, ತಾವು ಹುಟ್ಟಿದ ಜರ್ಮನಿಗೆ ಮರಳದೆ, ೧೯೫೬ರಲ್ಲಿ ಬೆಂಗಳೂರಿನ ಮಣ್ಣನ್ನೇ ಸೇರಿದರು. ಇಲ್ಲಿ ಹುಟ್ಟಿದವರು ಅಲ್ಲಿ ಸತ್ತರು. ಅಲ್ಲಿ ಹುಟ್ಟಿದವರು ಇಲ್ಲಿ ಸತ್ತರು. ದೇಹವು ಎಲ್ಲಿ ಬಿದ್ದಿತೆಂಬುದರಿಂದ ಋಣವು ನಿರ್ಣಯವಾಗುವುದಿಲ್ಲ.

ಆಳುವ ಜನಾಂಗದವನಿಗೆ ಪರದೇಶವಾಸವು ಸುಲಭವೆಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪಣೆಯು ನ್ಯಾಯವಾದುದೇ. ರೈಸರು ಇಲ್ಲಿ ಯಾರ ಅಪ್ಪಣೆಗೂ ಕಾಯಬೇಕಾಗಿರಲಿಲ್ಲ. ಇಂದು ಹೊರದೇಶದ ಕಛೇರಿಯ ಮುಂದೆ ಪರವಾನಗಿಗಾಗಿ ನಿಲ್ಲುವ ನಮ್ಮ ಹುಡುಗನಿಗೆ ಆ ಸೌಲಭ್ಯವಿಲ್ಲ. ಆದರೆ ಅಧಿಕಾರವು ಒಬ್ಬನಿಗೆ ಬಂಗಲೆಯನ್ನು ಕೊಡಬಲ್ಲದು. ನೆಲದ ನಂಟನ್ನು ಕೊಡಲಾರದು. ಆ ನಂಟನ್ನು ರೈಸರು ಅಕ್ಷರ ಅಕ್ಷರವಾಗಿ ದುಡಿದು ಸಂಪಾದಿಸಿದರು. ತಾನು ಉಣ್ಣುವ ನಾಡಿನ ಭಾಷೆಯನ್ನು ಕಲಿಯುವುದು, ಅದರ ಹಿಂದಣ ಕಾಲವನ್ನು ಅರಿಯುವುದು, ಏನನ್ನಾದರೂ ಅದಕ್ಕೆ ಮರಳಿಸುವುದು, ಇವು ಎಲ್ಲಿ ನೆಲೆಸಿದವನಿಗೂ ಸಾಧ್ಯ. ಹೊರದೇಶದಲ್ಲಿರುವ ನಮ್ಮವರಿಗೆ ಇದು ಸಲ್ಲುವುದು. ಬೆಂಗಳೂರಿಗೆ ಬಂದು ನೆಲೆಸಿದವರಿಗೂ ಸಲ್ಲುವುದು.

ಇಲ್ಲಿಯೇ ಹುಟ್ಟಿ ಬೆಳೆದ ನಮಗೆ ಮಾತ್ರ ಸಲ್ಲದೆ? ರೈಸರು ೧೯೦೫ರ ಸಂಪುಟದಲ್ಲಿ ಊರು ಸ್ಥಳಗಳೊಡನೆ ದಾಖಲಿಸಿದ ಬೆಂಗಳೂರಿನ ಕಲ್ಲುಗಳಲ್ಲಿ ಅನೇಕವು ಇಂದು ಹುಡುಕಿದರೂ ಸಿಕ್ಕುವುದಿಲ್ಲ. ಕೆರೆಗಳು ಬಡಾವಣೆಗಳಾದುವು, ಕಲ್ಲುಗಳು ಅಡಿಪಾಯಗಳೊಳಗೆ ಹೋದುವು. ಹೋದವುಗಳಿಗೆ ಆ ಸಂಪುಟದ ಪುಟಗಳೇ ಉಳಿದಿರುವ ಸಾಕ್ಷಿ. ೨೦೧೮ರಲ್ಲಿ ಹೆಬ್ಬಾಳದಲ್ಲಿ ಚರಂಡಿಯನ್ನು ತೋಡುವಾಗ ಎಂಟನೆಯ ಶತಮಾನದ ಕಲ್ಲೊಂದು ಮೇಲೆದ್ದಿತು. ನಾಗರಿಕರು ಮುಂದೆ ಬಂದು ಅದನ್ನು ರಕ್ಷಿಸಿದರು. ಮಿಥಿಕ್ ಸೊಸೈಟಿಯವರು ಉಳಿದಿರುವ ಶಾಸನಗಳನ್ನು ಹುಡುಕಿ, ಹೊಸ ಯಂತ್ರಗಳಿಂದ ಅವುಗಳ ಪ್ರತಿರೂಪವನ್ನು ತೆಗೆದಿಡುತ್ತಿರುವರು. ಇದು ಸಂತೋಷದ ವಿಷಯ. ಆದರೆ ಇದು ಕೆಲವರ ಹವ್ಯಾಸವಾಗಿ ಉಳಿಯಕೂಡದು, ನಗರಾಡಳಿತದ ನಿತ್ಯಕರ್ತವ್ಯವಾಗಬೇಕು. ರಸ್ತೆ ಅಗೆಯುವ ಗುತ್ತಿಗೆಯ ಪತ್ರದಲ್ಲಿ ಕಲ್ಲಿನ ರಕ್ಷಣೆಯ ಷರತ್ತು ಸೇರಬೇಕು. ವಾರ್ಡು ವಾರ್ಡುಗಳಲ್ಲಿ ಇರುವ ಶಾಸನಗಳ ಪಟ್ಟಿಯು ಕಛೇರಿಯ ಗೋಡೆಯ ಮೇಲೆ ಇರಬೇಕು. ಶಾಲೆಯ ಮಕ್ಕಳು ತಮ್ಮ ಬಡಾವಣೆಯ ಕಲ್ಲನ್ನು ಒಮ್ಮೆಯಾದರೂ ಕಂಡು ಬರಬೇಕು.

ತನ್ನ ಊರಿನ ಅಂಗಳದ ಕಲ್ಲನ್ನು ಓದಲಾರದೆ, ಓದಿದವನ ಹೆಸರನ್ನೂ ಮರೆತು, ಅದರ ಮೇಲೆ ಮನೆ ಕಟ್ಟಿ ವಾಸಿಸುವವನು ಹುಟ್ಟಿನಿಂದ ಈ ಊರಿನವನಾದರೂ, ಪರದೇಶಿ ಎಂಬ ಮಾತಿನ ಎರಡನೆಯ ಅರ್ಥವು ಅವನಿಗೇ ಹೆಚ್ಚಾಗಿ ಒಪ್ಪುವುದು. ರೈಸರ ಕೆಲಸವನ್ನು ಮುಂದುವರಿಸಿ ಆ ಹೆಸರಿನಿಂದ ಪಾರಾಗುವುದು ಇನ್ನೂ ನಮ್ಮ ಕೈಯಲ್ಲಿದೆ.